‘ಸ್ವೀಕರಿಸಲಾಗಿದೆ’ ಅಂದದ್ದೇ ತಪ್ಪಾಯ್ತು!

ನಮ್ಮ ಬೀದಿ ಕೊನೆಯ ಬೇಕರಿಯಲ್ಲಿ ಕ್ಯೂಆರ್ ಕೋಡ್ ಕಿತ್ತು, ಅದೇ ಅಂಟಿನ ಗುರುತಿನ ಮೇಲೆ ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಹಾಳೆ ಅಂಟಿಸಿ ಎರಡು ವಾರವಾಗಿತ್ತು. ವ್ಯಾಪಾರಿಗಳು 2025ರ ಜುಲೈ 25ಕ್ಕೆ ಕರೆದಿದ್ದ ಬಂದ್ ವಾಪಸಾಗಿತ್ತು, ಹಾಳೆ ವಾಪಸಾಗಿರಲಿಲ್ಲ. ಯುಪಿಐ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಕಳಿಸಿದ ಜಿಎಸ್‌ಟಿ ನೋಟಿಸಿನ ಕತೆ ನಿಮಗೆ ಗೊತ್ತೇ ಇದೆ. ಎಲ್ಲರೂ ಅಧಿಕಾರಿಗಳನ್ನು ಕೇಳಿದರು, ವ್ಯಾಪಾರಿಗಳನ್ನು ಕೇಳಿದರು. ವರ್ಷಗಟ್ಟಲೆ ಬಾಯಿ ನೋಯುವಷ್ಟು ಮಾತಾಡಿದ ಸೌಂಡ್‌ಬಾಕ್ಸನ್ನು ಮಾತ್ರ ಯಾರೂ ಮಾತಾಡಿಸಲಿಲ್ಲ. ರಸ್ಕಿನ ಡಬ್ಬದ ಹಿಂದೆ ಬ್ರೆಡ್ಡಿನ ಕವರಿನಲ್ಲಿ ಸುತ್ತಿಟ್ಟಿದ್ದ ಅದನ್ನು ಹೊರತೆಗೆದು ಚಾರ್ಜಿಗೆ ಹಾಕಿದೆ.

ಹೇಗಿದ್ದೀರಿ?

ಮೈಯೆಲ್ಲ ರಸ್ಕಿನ ಪುಡಿ, ಸಾರ್. ಇರುವೆಗಳು ಸ್ಪೀಕರ್ ತೂತಿನಲ್ಲಿ ಓಡಾಡ್ತಿವೆ. ಅತ್ತ ಗಲ್ಲಾಪೆಟ್ಟಿಗೆ ನೋಡಿ, ಹೊಸ ಬಟ್ಟೆಯಿಂದ ಒರೆಸಿಸಿಕೊಂಡು ಮೆರೀತಾ ಇದೆ.

ಅದಿರಲಿ. ನೀವು ‘ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ’ ಅಂತೀರಲ್ಲ, ಇದು ಯಾವ ಸೀಮೆ ಕನ್ನಡ? ಸ್ವೀಕರಿಸಿದವರು ಯಾರು? ಕರ್ಮಣಿ ಪ್ರಯೋಗ ಮಾಡಿದರೆ ಕರ್ತೃವೇ ಕಾಣೆ. ನಮ್ಮಜ್ಜಿ ‘ದುಡ್ಡು ಬಂತು’ ಅನ್ನುತ್ತಿದ್ದಳು.

ನನಗೆ ಬರೆದುಕೊಟ್ಟಿದ್ದನ್ನ ಓದ್ತೀನಿ, ಸಾರ್. ನನ್ನ ಸಂಕಟ ಬೇರೆ. ಆ ಗಲ್ಲಾಪೆಟ್ಟಿಗೆ ಇದೆಯಲ್ಲ, ಹುಟ್ಟಿದಾಗಿನಿಂದ ದುಡ್ಡು ನುಂಗಿದೆ, ಒಂದು ದಿನ ಯಾರಿಗೂ ಲೆಕ್ಕ ಹೇಳಿಲ್ಲ. ಅದು ಲಕ್ಷ್ಮಿ! ನಾನು ಹತ್ತು ರೂಪಾಯಿ ಬಂದರೂ ಬೀದಿಗೆ ಕೇಳೋ ಹಾಗೆ ಕೂಗಿದೆ. ನಾನು ಚಾಡಿಕೋರ! ಆಯುಧಪೂಜೆ ದಿನ ಅದಕ್ಕೆ ಸೇವಂತಿಗೆ ಹಾರ, ತಕ್ಕಡಿಗೆ ಬೂದುಗುಂಬಳಕಾಯಿ. ನನಗೋ, ತೂತಿನ ಮೇಲೇ ಕುಂಕುಮ ಮೆತ್ತಿದರು. ಎರಡು ದಿನ ನೆಗಡಿಯಾದವನ ಹಾಗೆ ಮಾತಾಡಿದೆ.

ಯುಪಿಐಗೆ ವ್ಯಾಪಾರಿಯಿಂದ ಶುಲ್ಕ ಇಲ್ಲ ಅಂತ 2020ರಿಂದ ನಿಯಮವಿದೆ. ಆದರೂ ನಿಮಗೆ ತಿಂಗಳ ಬಾಡಿಗೆ. ಸ್ವಿಚ್ ಆಫ್ ಮಾಡಿಟ್ಟರೂ ಕಂಪನಿ ಬಾಡಿಗೆ ಹಿಡಿಯುತ್ತಿದೆಯಂತೆ?

ಗಲ್ಲಾಪೆಟ್ಟಿಗೆಗೆ ಬಾಡಿಗೆ ಇಲ್ಲ ನೋಡಿ, ಅದಕ್ಕೇ ಅಷ್ಟು ಕೊಬ್ಬು.

ಕೇಳಿದ್ದು ಅದಲ್ಲ.

ಬೀಗ ಬೇರೆ ಅದಕ್ಕೆ! ಕೀ ಯಜಮಾನ್ರ ಉಡಿದಾರದಲ್ಲಿ!

ಸರಿ, ನೇರವಾಗಿ ಕೇಳುತ್ತೇನೆ. ಇಲಾಖೆಗೆ ಲೆಕ್ಕ ಕೊಟ್ಟಿದ್ದು ನೀವೇನಾ?

ನಾನಲ್ಲ. ನನ್ನ ಹೊಟ್ಟೆಯಲ್ಲಿರೋದು ಒಂದು ಸಿಮ್ಮು, ಒಂದು ಬ್ಯಾಟರಿ. ಮೇಲಿಂದ ಮೊತ್ತ ಬರುತ್ತೆ, ಕೂಗ್ತೀನಿ, ಮರೀತೀನಿ. ಲೆಕ್ಕ ಕೊಟ್ಟಿದ್ದು ಪಾವತಿ ಕಂಪನಿಗಳು, ಇಲಾಖೆ ಕೇಳಿದ ಮೇಲೆ. ಒಮ್ಮೆ ಯಜಮಾನ್ರ ಭಾವ ಆಸ್ಪತ್ರೆ ಖರ್ಚಿಗೆ ಅಂತ ನಲವತ್ತು ಸಾವಿರ ಕಳಿಸಿದ್ರು. ಅದನ್ನೂ ಆಲೂ ಬನ್ನಿನ ದುಡ್ಡಿನ ದನಿಯಲ್ಲೇ ಕೂಗಿದೆ. ನನಗೆ ಎಷ್ಟು ಅನ್ನೋದು ಗೊತ್ತು, ಯಾಕೆ ಅನ್ನೋದು ಗೊತ್ತಿಲ್ಲ.

ಅದೇ ನಾನು ಹೇಳುತ್ತಿರುವುದು! ಕರ್ತೃವಿಲ್ಲದ ವಾಕ್ಯಕ್ಕೆ ಕಾರಣವೂ ಬೇಕಿಲ್ಲ. ‘ಗಮನಿಸಲಾಗಿದೆ’, ‘ಪರಿಶೀಲಿಸಲಾಗುವುದು’, ‘ಕ್ರಮ ಕೈಗೊಳ್ಳಲಾಗುವುದು’... ಕಚೇರಿ ಕನ್ನಡವೆಲ್ಲ ನಿಮ್ಮ ದಾಯಾದಿಯೇ.

ಸಾರ್, ಸಂದರ್ಶನ ನನ್ನದಾ, ವ್ಯಾಕರಣದ್ದಾ?

ಕ್ಷಮಿಸಿ. ಇಲಾಖೆಯವರು ಹೇಳುವುದರಲ್ಲೂ ನ್ಯಾಯವಿದೆ. ತೆರಿಗೆ ಯುಪಿಐಗಲ್ಲ, ವಹಿವಾಟಿಗೆ. ಸರಕು ಮಾರುವವರು ವರ್ಷಕ್ಕೆ 40 ಲಕ್ಷ, ಸೇವೆಯವರು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು. ನೋಟಿನಲ್ಲಿ ಬಂದರೂ ಅಷ್ಟೇ, ನಿಮ್ಮ ಬಾಯಲ್ಲಿ ಬಂದರೂ ಅಷ್ಟೇ.

ನಲವತ್ತು ಲಕ್ಷ ಅಂದ್ರೆ ದಿನಕ್ಕೆ ಹನ್ನೊಂದು ಸಾವಿರ. ಹಾಲು, ಸಿಗರೇಟು, ಬ್ರೆಡ್ಡು ಮಾರೋ ಅಂಗಡಿಯಲ್ಲಿ ಅದು ಮಧ್ಯಾಹ್ನದೊಳಗೆ ನನ್ನ ಬಾಯಲ್ಲಿ ಹಾದುಹೋಗುತ್ತೆ. ಸಂಜೆಗೆ ಯಜಮಾನ್ರ ಕೈಯಲ್ಲಿ ಉಳಿಯೋದನ್ನ ಮಾತ್ರ ಯಾರೂ ಕೂಗಲ್ಲ.

ಅಲ್ಲ ಸಾರ್, ಒಂದು ಮಾತು. 2016ರ ನವೆಂಬರ್ 8ರ ರಾತ್ರಿ ನೋಟು ಹೋಯ್ತು. ಬೆಳಗಾದರೆ ‘ಕ್ಯಾಶ್‌ಲೆಸ್ ಆಗಿ, ದೇಶ ಮುಂದೆ ಹೋಗುತ್ತೆ’ ಅಂದ್ರು. ಸ್ಟಿಕ್ಕರ್ ಅಂಟಿಸೋಕೆ ಟೈ ಕಟ್ಟಿದ ಹುಡುಗರು ಬಿಸಿಲಲ್ಲಿ ಓಡಾಡಿದ್ರು. ಯಾರಾದರೂ ಒಬ್ಬರು, ‘ಅಣ್ಣಾ, ಇಷ್ಟು ದಾಟಿದರೆ ನೋಂದಣಿ ಮಾಡಿಸು, ಒಂದೂವರೆ ಕೋಟಿವರೆಗೂ ರಾಜಿ ತೆರಿಗೆ ಇದೆ, ಶೇಕಡಾ ಒಂದು ಕಟ್ಟಿದರೆ ಸಾಕು’ ಅಂದ್ರಾ? ನನ್ನಿಂದ ಹದಿನೈದು ರೂಪಾಯಿ ಚಹಾನೂ ಕೂಗಿಸ್ತಾರೆ. ಹೊಸ ಸಾಲದ ಜಾಹೀರಾತು ಫೋನಿಗೆ ದಿನಾ ಬರುತ್ತೆ. ‘ಈ ವರ್ಷ ಮೂವತ್ತೆಂಟು ಲಕ್ಷ ಆಯ್ತು, ಜೋಪಾನ’ ಅನ್ನೋ ಒಂದು ಸಾಲು ಕೂಗಿಸೋಕೆ ಯಾರಿಗೂ ಆಗಲಿಲ್ಲ. 2021–22ರಿಂದ ನಾಲ್ಕು ವರ್ಷ ಸುಮ್ಮನೆ ಎಣಿಸಿದ್ರು. ಆಮೇಲೆ ಒಟ್ಟಿಗೆ ಬಿಲ್ಲು. ಹಾವೇರಿಯಲ್ಲಿ ತರಕಾರಿ ಮಾರೋರಿಗೆ, ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ಕಟ್ಟು ಅಂತ ಬಂತು. ಹಸಿ ತರಕಾರಿಗೆ ಜಿಎಸ್‌ಟಿಯೇ ಇಲ್ಲ!

ನಮ್ಮ ಯಜಮಾನ್ರು ನೋಟಿಸನ್ನ ಮೂರು ಸಲ ಓದಿದ್ರು. ಆಮೇಲೆ ನನ್ನ ಕಡೆ ನೋಡಿದ್ರು. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ವಯರು ಸುತ್ತಿ, ಕವರಿಗೆ ಹಾಕಿ, ಡಬ್ಬದ ಹಿಂದೆ ಇಟ್ರು.

(ನನ್ನ ಮುಂದಿನ ಪ್ರಶ್ನೆ ‘ರೂಪಾಯಿಗಳು’ ಎಂಬ ಬಹುವಚನದ ಕುರಿತಾಗಿತ್ತು. ಕೇಳಲಿಲ್ಲ.)

ಈಗ ಮುಖ್ಯಮಂತ್ರಿಗಳೇ ಸಭೆ ಮಾಡಿ, ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಅಂದಿದ್ದಾರಲ್ಲ?

ಅಂದಿದ್ದಾರೆ. ಅದನ್ನ ನನ್ನ ಬಾಯಲ್ಲಿ ಕೂಗಿಸಲಿ, ನಂಬ್ತೀನಿ... ಸಾರ್, ಆ ಗಲ್ಲಾಪೆಟ್ಟಿಗೆ ನಗ್ತಾ ಇದೆಯಾ? ಸ್ವಲ್ಪ ನೋಡಿ ಹೇಳಿ...

ಅಷ್ಟರಲ್ಲಿ ಕರೆಂಟು ಹೋಯಿತು. ಸೌಂಡ್‌ಬಾಕ್ಸಿನ ಹಸಿರು ದೀಪ ಕೆಂಪಾಗಿ ಆರಿತು. ಹದಿನೈದು ರೂಪಾಯಿಯ ಚಹಾಕ್ಕೆ ಇಪ್ಪತ್ತರ ನೋಟು ಕೊಟ್ಟೆ. ಗಲ್ಲಾಪೆಟ್ಟಿಗೆ ಬಾಯಿ ತೆರೆದು ನುಂಗಿ ಮುಚ್ಚಿಕೊಂಡಿತು. “ಐದು ರೂಪಾಯಿ ಚಿಲ್ಲರೆ ಇಲ್ಲ ಸಾರ್, ಒಂದು ನಿಪ್ಪಟ್ಟು ತಗೊಳ್ಳಿ” ಎಂದರು ಯಜಮಾನರು. ಆಮೇಲೆ ದನಿ ತಗ್ಗಿಸಿ, “ನೀವು ಪೇಪರಿನೋರು, ಹೇಳಿ. ಈ ಹಾಳೆ ಕೀಳಬಹುದಾ? ಏನೂ ತೊಂದರೆ ಆಗಲ್ವಾ?”

ಎರಡು ಸಲ ಗಂಟಲು ಸರಿಮಾಡಿಕೊಂಡೆ.

“ನೋಡೋಣ, ಇರಿ” ಎಂದೆ.

ಮನೆ ತಲುಪುವ ಹೊತ್ತಿಗೆ ಹೊಳೆಯಿತು, ‘ಪರಿಶೀಲಿಸಲಾಗುವುದು’ ಎನ್ನುವುದರ ಅಚ್ಚಗನ್ನಡ ಅದು.