ಜರಾಜೀರ್ಣ ಜೆಟ್ ಸ್ಕೀಯ ದೀರ್ಘಾಯುಷ್ಯ: ಒಂದು ತಾತ್ತ್ವಿಕ ಜಿಜ್ಞಾಸೆ

ಪೀಠಿಕೆ

ಟೂ-ಸ್ಟ್ರೋಕ್ ಜಲವಾಹನದ ಇತಿಹಾಸವನ್ನು ಯುಗಗಳಾಗಿ ವಿಂಗಡಿಸದೆ ಪ್ರಬಂಧ ಆರಂಭಿಸುವುದು ಸಂಪ್ರದಾಯಕ್ಕೆ ವಿರುದ್ಧ. 1968ರಲ್ಲಿ ಕೆನಡಾದ ಬೊಂಬಾರ್ಡಿಯರ್ ಕಂಪನಿ ಸೀ-ಡೂ ಎಂಬುದನ್ನು ನೀರಿಗಿಳಿಸಿ ಬೇಗನೆ ಕೈಬಿಟ್ಟದ್ದು ಕೃತಯುಗ. 1970ರ ದಶಕದಲ್ಲಿ ಕವಾಸಾಕಿಯ ಜೆಟ್ ಸ್ಕೀ ಸವಾರರನ್ನು ನಿಂತೇ ಓಡಿಸಿದ್ದು ತ್ರೇತಾಯುಗ. 1988ರಲ್ಲಿ ಸೀ-ಡೂ ಮರುಹುಟ್ಟು ಪಡೆದದ್ದು ದ್ವಾಪರ. 1999ರಲ್ಲಿ ಅಮೆರಿಕದ ಟಾಹೋ ಸರೋವರವು ಕಾರ್ಬೊರೇಟರ್ ಇರುವ ಟೂ-ಸ್ಟ್ರೋಕುಗಳಿಗೆ ಬಹಿಷ್ಕಾರ ಹಾಕಿತು. 2002ರಲ್ಲಿ ಯಮಹಾ ನಾಲ್ಕು ಸ್ಟ್ರೋಕಿನ ಎಫ್‌ಎಕ್ಸ್140 ತಂದಿತು. ಅಲ್ಲಿಗೆ ಕಲಿ ಪ್ರವೇಶ. ದ್ವಾಪರದಲ್ಲಿ ಹುಟ್ಟಿ ಕಲಿಯುಗದಲ್ಲೂ ಉಸಿರಾಡುತ್ತಿರುವ ಯಂತ್ರಗಳೇ ನಮ್ಮ ಅಧ್ಯಯನದ ವ್ಯಾಪ್ತಿ.

ಮತತ್ರಯ ವಿಚಾರ

ಈ ಎಂಜಿನ್ನಿಗೆ ಆಯಿಲ್ ತುಂಬಿಡುವ ತಳತೊಟ್ಟಿ ಇಲ್ಲ. ಬಂದ ಆಯಿಲ್ ಬೇರಿಂಗು, ಪಿಸ್ಟನ್ನುಗಳನ್ನು ಸವರಿ, ಪೆಟ್ರೋಲಿನೊಡನೆ ಉರಿದು ಮುಕ್ತಿ ಪಡೆಯುತ್ತದೆ. ಅದು ಬರುವ ಬಗೆಯಲ್ಲಿ ಮೂರು ಮತಗಳಿವೆ.

ಟ್ಯಾಂಕಿನಲ್ಲೇ ಸಾಮಾನ್ಯವಾಗಿ 50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್ ಬೆರೆಸುವವರು ಅದ್ವೈತಿಗಳು. ಒಮ್ಮೆ ಬೆರೆಸಲು ಮರೆತರೆ ಪಿಸ್ಟನ್ನಿಗೂ ಬೋರಿಗೂ ನಡುವಿನ ಭೇದವೇ ಅಳಿದುಹೋಗುತ್ತದೆ. ಎರಡು ಟ್ಯಾಂಕು, ನಡುವೆ ಒಂದು ಪಂಪು ಎನ್ನುವವರು ದ್ವೈತಿಗಳು. ಪಂಪಿನ ಕೊಳವೆಯಲ್ಲಿ ಗಾಳಿ ಸೇರಿದರೆ ಇವರಿಗೂ ಅದೇ ಗತಿ. ಪಂಪನ್ನೂ ಇಟ್ಟುಕೊಂಡು, ನಂಬಿಕೆ ಸಾಲದೆ ಪೆಟ್ರೋಲಿಗೂ ಒಂದಿಷ್ಟು ಸುರಿಯುವವರು ವಿಶಿಷ್ಟಾದ್ವೈತಿಗಳು. ಇವರ ಎಂಜಿನ್ ಉಳಿಯುತ್ತದೆ, ಪ್ಲಗ್ಗುಗಳಿಗೆ ಮಸಿ ಹಿಡಿಯುತ್ತದೆ.

ಆಯಿಲಿನ ಕುಲಗೋತ್ರವನ್ನೂ ನೋಡಬೇಕು. ಕವಾಸಾಕಿ, ಯಮಹಾಗಳಿಗೆ ಟಿಸಿ-ಡಬ್ಲ್ಯು3 ಸಲ್ಲುತ್ತದೆ. ರೋಟ್ಯಾಕ್ಸ್ ಎಂಜಿನ್ನಿನ ಸೀ-ಡೂಗೆ ಎಪಿಐ ಟಿಸಿ ವಿಹಿತ.

ನೈಯಾಯಿಕರು ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸುತ್ತಾರೆ. ಇಲ್ಲಿ ಊಹಿಸಬೇಕಾದದ್ದು ಆಯಿಲನ್ನು. ತಣ್ಣಗಿದ್ದ ಎಂಜಿನ್ ಹೊಗೆಯುಗುಳಿ ಎದ್ದರೆ ಮಾಲೀಕನಿಗೆ ಸಮಾಧಾನ; ಹೊಗೆಯೇ ಇಲ್ಲದಿದ್ದರೆ ದುಃಖ.

ಮರಣ ಮೀಮಾಂಸೆ

ಪೂರ್ವಪಕ್ಷ: ವಯಸ್ಸಾಯಿತು, ಎಂಜಿನ್ ಸೀಜ್ ಆಯಿತು.

ಸಿದ್ಧಾಂತ: ಹಾಗಲ್ಲ. 1990ರ ದಶಕದ ಅನೇಕ ಸೀ-ಡೂಗಳಲ್ಲಿ ಪೆಟ್ರೋಲ್ ಹರಿಯುವ ಬೂದುಬಣ್ಣದ ಕೊಳವೆಗಳು ಒಳಗೊಳಗೇ ಕರಗಿ ಹಸಿರು ಅಂಟಾಗುತ್ತವೆ. ಆ ಅಂಟು ಕಾರ್ಬೊರೇಟರಿನ ಪುಟ್ಟ ಜಾಲರಿಯಲ್ಲಿ ಕೂರುತ್ತದೆ. ಪೆಟ್ರೋಲ್ ಕಡಿಮೆಯಾಗಿ ಗಾಳಿಯ ಪಾಲು ಹೆಚ್ಚುತ್ತದೆ, ಶಾಖ ಏರುತ್ತದೆ, ಪಿಸ್ಟನ್ ಉಬ್ಬಿ ಬೋರನ್ನು ಕಚ್ಚಿ ಹಿಡಿಯುತ್ತದೆ. ಆದ್ದರಿಂದ ಹೊಸ ಪಿಸ್ಟನ್ ಹಾಕಿಸಿ ಹಳೆಯ ಕೊಳವೆ ಉಳಿಸಿಕೊಂಡವನು ಅದೇ ತಿಥಿಯನ್ನು ಎರಡು ಸಲ ಮಾಡುತ್ತಾನೆ.

ಕ್ರಮ ವಿಚಾರ

ಉಪ್ಪುನೀರಿನಲ್ಲಿ ಓಡಿಸಿ ಬಂದ ಮೇಲೆ ಒಳಗನ್ನು ಸಿಹಿನೀರಿನಿಂದ ತೊಳೆಯುವುದು ನಿತ್ಯಕರ್ಮ. ಮೊದಲು ಎಂಜಿನ್ ಚಾಲೂ, ತಕ್ಷಣವೇ ನೀರು. ಮುಗಿಸುವಾಗ ಮೊದಲು ನೀರು ಬಂದ್, ಕೂಡಲೇ ಎಂಜಿನ್. ಈ ಕ್ರಮ ತಪ್ಪಿದರೆ ನೀರು ಎಕ್ಸಾಸ್ಟಿನಲ್ಲಿ ತುಂಬಿ ಸಿಲಿಂಡರಿಗೆ ಹಿಮ್ಮರಳುತ್ತದೆ. ಮಂತ್ರಲೋಪಕ್ಕೆ ಕ್ಷಮೆಯುಂಟು, ಇದಕ್ಕಿಲ್ಲ.

ಎಂಜಿನ್ ನೀರು ಕುಡಿದರೆ ಪ್ರಾಯಶ್ಚಿತ್ತ ಅದೇ ದಿನ ಆಗಬೇಕು: ಪ್ಲಗ್ ಬಿಚ್ಚಿ, ತಿರುಗಿಸಿ ನೀರು ಹೊರಹಾಕಿ, ಆಯಿಲ್ ಬಿಟ್ಟು, ಮತ್ತೆ ಚಾಲೂ ಮಾಡಿ ಬಿಸಿಯೇರಿಸುವುದು. ಮುಂದಿನ ರಜೆಗೆ ನೋಡೋಣ ಎಂದವರ ಕ್ರ್ಯಾಂಕ್ ಬೇರಿಂಗಿಗೆ ತುಕ್ಕು ಹಿಡಿಯುತ್ತದೆ.

ಚಾತುರ್ಮಾಸ್ಯ

ಸರೋವರಗಳು ಹೆಪ್ಪುಗಟ್ಟುವ ದೇಶಗಳಲ್ಲಿ ಜೆಟ್ ಸ್ಕೀಗೂ ಚಾತುರ್ಮಾಸ್ಯವಿದೆ, ನಾಲ್ಕು ತಿಂಗಳಿಗೆ ಮುಗಿಯುವುದಿಲ್ಲವಷ್ಟೆ. ಎಥೆನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ನಿಂತಲ್ಲೇ ಹಳಸುತ್ತದೆ. ಹಾಗಾಗಿ ವ್ರತಾರಂಭಕ್ಕೆ ಮುನ್ನ ತಾಜಾ ಪೆಟ್ರೋಲಿಗೆ ಸ್ಟೆಬಿಲೈಜರ್ ಹಾಕಿ, ಸಿಲಿಂಡರಿಗೆ ಫಾಗಿಂಗ್ ಆಯಿಲ್ ಪ್ರೋಕ್ಷಿಸಬೇಕು.

ಫಲಶ್ರುತಿ

ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಷನ್ ಅಳೆದಾಗ ಎರಡು ಸಿಲಿಂಡರುಗಳ ಅಂತರ ಶೇ. 10ರೊಳಗಿದ್ದರೆ ಸಾಧಕನಿಗೆ ಸಿದ್ಧಿಯಾಯಿತೆಂದು ತಿಳಿಯಬೇಕು. ಇತರ ಗ್ರಂಥಗಳ ಹಾಗೆ ಇದನ್ನು ಓದಿದವರಿಗೂ ಕೇಳಿದವರಿಗೂ ಪುಣ್ಯ ಬರುವುದಿಲ್ಲ. ಕೊಳವೆ ಬದಲಾಯಿಸಿದವರಿಗೆ ಮಾತ್ರ ಬರುತ್ತದೆ.