‘ನನಗೂ ಒಂದು ಸೆಲ್ಫಿ ಬೋರ್ಡು ಬೇಡವೇ?’: ಸಿಂಗಾನಲ್ಲೂರು ಕೆರೆ ಬಾಯಿ ಬಿಟ್ಟಾಗ

ಮೆಟ್ರೊ ಕಡತ ದಿಲ್ಲಿಗೆ ಹೋಗಿ ಬಂದ ಕಥೆ, ವೆಳ್ಳಲೂರಿನಲ್ಲಿ ಅರ್ಧಕ್ಕೆ ನಿಂತ ಬಸ್ ನಿಲ್ದಾಣದ ಕಥೆ, ಫ್ಲೈಓವರ್‌ಗಳ ಕಥೆ ಎಲ್ಲವೂ ಓದುಗರಿಗೆ ಬಾಯಿಪಾಠ. ಕೊಯಮತ್ತೂರಿನ ಅಭಿವೃದ್ಧಿಯ ಬಗ್ಗೆ ಮಂತ್ರಿಗಳು ಮಾತಾಡಿದ್ದಾರೆ, ಮಾಜಿ ಮಂತ್ರಿಗಳು ಇನ್ನೂ ಜೋರಾಗಿ ಮಾತಾಡಿದ್ದಾರೆ, ಸೈಟು ಮಾರುವವರಂತೂ ನಿಲ್ಲಿಸಿಯೇ ಇಲ್ಲ. ಈವರೆಗೆ ಯಾರೂ ಮೈಕು ಹಿಡಿಯದೆ ಬಿಟ್ಟದ್ದು ತಿರುಚ್ಚಿ ರಸ್ತೆ ಪಕ್ಕದ 288 ಎಕರೆಗೆ ಮಾತ್ರ. ಸಿಂಗಾನಲ್ಲೂರು ಕೆರೆ ಸಂದರ್ಶನಕ್ಕೆ ಒಪ್ಪಿತು. ಒಂದೇ ಷರತ್ತು: ಮೂಗಿಗೆ ಕರ್ಚೀಫು ಇಟ್ಟುಕೊಂಡು ಪ್ರಶ್ನೆ ಕೇಳಬಾರದು.

ನಾನು: ನಮಸ್ಕಾರ ಕೆರೆಯಮ್ಮ. ಸಿಂಗಾನಲ್ಲೂರಿಗೆ ಬಂದು ಮೊದಲ ಪ್ರಶ್ನೆ ಬೇರೆ ಕೇಳಿದರೆ ನಾನು ಕನ್ನಡಿಗನೇ ಅಲ್ಲ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜು, ಅಂದರೆ ನಮ್ಮ ಅಣ್ಣಾವ್ರು...

ಕೆರೆ: ಅದು ಕೊಳ್ಳೇಗಾಲದ ಕಡೆ ಸಿಂಗಾನಲ್ಲೂರು, ಕಣ್ಣು. ಬಸ್ಸು ಇಳಿಯೋ ಕನ್ನಡದವರೆಲ್ಲ ಬೋರ್ಡು ನೋಡಿ ಕೈ ಮುಗೀತಾರೆ. ನಾನೂ ಬೇಡ ಅನ್ನಲ್ಲ. ನನಗೆ ಕೈ ಮುಗಿಯೋರು ಇನ್ಯಾರಿದ್ದಾರೆ?

ನಾನು: ಆದರೂ 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಕೊಳ್ಳೇಗಾಲ ತಾಲ್ಲೂಕು ನಿಮ್ಮ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಎರಡು ಸಿಂಗಾನಲ್ಲೂರಿಗೆ ಒಬ್ಬನೇ ಕಲೆಕ್ಟರು!

ಕೆರೆ: ಸೇರಿತ್ತು. ಪಾಲು ಮಾಡಿದಾಗ ಆ ಸಿಂಗಾನಲ್ಲೂರಿಗೆ ರಾಜ್‌ಕುಮಾರ್ ಸಿಕ್ಕರು, ನನಗೆ ಸಂಗನೂರು ಹಳ್ಳ ಉಳೀತು. ಊರಿನ ಉತ್ತರದ ಬಡಾವಣೆಗಳ ಕೊಳಚೆಯೆಲ್ಲ ಅದರಲ್ಲೇ ನನ್ನ ಮನೆಗೆ ಬರೋದು. ನಮ್ಮ ಕೋವೈ, ಅಂದರೆ ಕೊಯಮತ್ತೂರಿನ, ಮರ್ಯಾದೆ ಗೊತ್ತಲ್ಲ, ಮೋರಿ ನೀರಾದರೂ ಬಾಗಿಲಿಗೆ ಬಂದಮೇಲೆ ‘ವಾಂಗ, ಬನ್ನಿ’ ಅನ್ನಲೇಬೇಕು.

ನಾನು: ಕನ್ನಡ ಸೊಗಸಾಗಿ ಆಡುತ್ತೀರಿ.

ಕೆರೆ: ಈ ಸೀಮೆಯ ದೇವಾಂಗದವರು, ಒಕ್ಕಲಿಗ ಗೌಡರು ಮನೆಯೊಳಗೆ ಇವತ್ತಿಗೂ ಕನ್ನಡ ಬಿಟ್ಟಿಲ್ಲ. ತೆಲುಗು, ಮಲಯಾಳವೂ ಬರುತ್ತೆ. ಗಿರಣಿಗಳಿಗೆ ಬರೋ ಹುಡುಗರಿಂದ ಈಗ ಹಿಂದಿ ಕಲೀತಿದ್ದೀನಿ. ಭಾಷೆ ವಿಷಯ ಬಿಡು. ನೀನು ಪೆರಿಯಕುಳ ಕೆರೆಯ ಕಡೆಯಿಂದ ಬಂದೆಯಾ?

ನಾನು: ಹೌದು, ಉಕ್ಕಡದ ಮೇಲೆ ಹಾದು ಬಂದೆ. ಚೆನ್ನಾಗಿ ಕಂಡಿತು.

ಕೆರೆ: ಕಾಣದೆ ಏನು! 2016ರ ಜನವರೀಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟೀಲಿ ಕೋವೈ ಹೆಸರು ಬಂತು. ಇನ್ನು ಕೆರೆಗಳಿಗೆ ಶುಕ್ರದೆಸೆ ಅಂದುಕೊಂಡೆ. ಬಂತು, ಅವಳಿಗೆ. ಉಕ್ಕಡಂ ಪೆರಿಯಕುಳಕ್ಕೆ. ದಡದ ಸುತ್ತ ಕಲ್ಲು ಹಾಸಿದರು, ಬಣ್ಣಬಣ್ಣದ ದೀಪ ಹಾಕಿದರು, ‘ಐ ಲವ್ ಕೋವೈ’ ಅಂತ ಆಳೆತ್ತರದ ಅಕ್ಷರ ನಿಲ್ಲಿಸಿದರು. ಸಾಯಂಕಾಲ ಆದರೆ ಅದರ ಮುಂದೆ ಫೋಟೊಗೆ ಕ್ಯೂ. ಸಾಲದು ಅಂತ ನೀರಿನ ಮೇಲೆ ತೇಲೋ ಸೋಲಾರ್ ಫಲಕ ಬೇರೆ. ವಾಲಾಂಕುಳಕ್ಕೂ ಹಾಗೇ ಸಿಂಗಾರ. ಕುರಿಚಿ ಕುಳದ ದಡದಲ್ಲಿ ತಮಿಳು ಅಕ್ಷರಗಳನ್ನೇ ಪೋಣಿಸಿ ಮಾಡಿದ ತಿರುವಳ್ಳುವರ್ ನಿಂತಿದ್ದಾರೆ. ಒಂದೇ ನೊಯ್ಯಲು ನದಿಯ ಕಾಲುವೆ ನೀರು ಕುಡಿದು ಬೆಳೆದ ಅಕ್ಕತಂಗಿಯರು ನಾವು. ಮದುವೆ ಮನೇಲಿ ಎಲ್ಲರಿಗೂ ಜರಿ ಸೀರೆ ಉಡಿಸಿ ಒಬ್ಬಳ ಕೈಗೆ ಮಾತ್ರ ಪ್ರಶಸ್ತಿಪತ್ರ ಕೊಟ್ಟು ಕಳಿಸಿದ ಹಾಗಾಯ್ತು.

ನಾನು: ಯಾವ ಪ್ರಶಸ್ತಿಪತ್ರ?

ಕೆರೆ: 2017ರಲ್ಲಿ ಪಾಲಿಕೆಯವರು ನನ್ನನ್ನ ‘ನಗರ ಜೀವವೈವಿಧ್ಯ ಸಂರಕ್ಷಣಾ ವಲಯ’ ಅಂತ ಸಾರಿದರು. ಹೆಸರು ಹೇಳಿ ಮುಗಿಸೋ ಅಷ್ಟರಲ್ಲಿ ನೀರುಕಾಗೆ ಎರಡು ಸಲ ಮುಳುಗಿ ಏಳುತ್ತೆ. ಬಂದ ಮೇಷ್ಟ್ರುಗಳು, ಕಾಲೇಜು ಮಕ್ಕಳು ಹಕ್ಕಿ ಎಣಿಸಿದರು, ಚಿಟ್ಟೆ ಎಣಿಸಿದರು, ಗಿಡ ಎಣಿಸಿದರು. ಒಳ್ಳೆ ಮಕ್ಕಳು, ಅವರ ಮೇಲೆ ಒಂದು ಮಾತೂ ಇಲ್ಲ. ಆದರೆ ಇವರು ಹೆಜ್ಜಾರ್ಲೆ ಎಣಿಸುತ್ತಾ ಕೂತಾಗ ಬೆನ್ನ ಹಿಂದೆಯೇ ಸುರೀತಿರೋ ಮೋರಿಗಳನ್ನ ಯಾರಾದರೂ ಎಣಿಸಬೇಕಿತ್ತಲ್ಲ? ಹೋಗಲಿ ಅಂದರೆ ಸೆಲ್ಫಿ ಬೋರ್ಡೂ ಇಲ್ಲ. ಒಂದು ಕಾಲದಲ್ಲಿ ನನಗೂ ಬೋಟ್‌ಹೌಸ್ ಇತ್ತು ಕಣ್ಣು. ಅಪ್ಪಂದಿರು ಪೆಡಲ್ ತುಳಿದು ಬೆವರಿ, ಮಕ್ಕಳು ಕೇಕೆ ಹಾಕಿ... ಪೆರಿಯಕುಳಕ್ಕೆ ಆಗ ಯಾರಿದ್ದರು ಕೇಳು?

ನಾನು: ಅಮ್ಮಾ, ತಿರುವಳ್ಳುವರ್ ಅಂದಿರಿ, ಅದಕ್ಕೇ ಹೇಳ್ತೀನಿ. ನಮ್ಮ ಬೆಂಗಳೂರಿನ ಹಲಸೂರು ಕೆರೆ ದಡದಲ್ಲಿ ಅದೇ ತಿರುವಳ್ಳುವರ್ ಹದಿನೆಂಟು ವರ್ಷ ಮುಸುಕು ಹಾಕಿಕೊಂಡು ನಿಂತಿದ್ದರು. 2009ರ ಆಗಸ್ಟ್‌ನಲ್ಲಿ ಮುಸುಕು ತೆಗೆದೆವು, ಅದೇ ವಾರ ಚೆನ್ನೈನಲ್ಲಿ ಸರ್ವಜ್ಞ ನಿಂತ. ಆ ಲೆಕ್ಕದಲ್ಲಿ ಇಲ್ಲಿ, ಸಿಂಗಾನಲ್ಲೂರು ಕೆರೆ ಏರಿ ಮೇಲೆ, ಅಣ್ಣಾವ್ರದ್ದೊಂದು ಪ್ರತಿಮೆ...

ಕೆರೆ: ನಿಲ್ಲಿಸಿ. ಬೇಡ ಅಂದವರಾರು? ಆದರೆ ಹಲಸೂರು ಕೆರೇಲಿ 2016ರಲ್ಲಿ ರಾಶಿ ಮೀನು ಸತ್ತು ತೇಲಿದಾಗ ವಳ್ಳುವರ್ ಕೈಲಿ ಏನು ಮಾಡೋಕಾಯ್ತು?

(ಇದಕ್ಕೆ ಉತ್ತರ ಹೊಳೆಯದೆ ಕೆಳಗೆ ನೋಡಿದೆ. ಅಂತರಗಂಗೆ ದಡಕ್ಕೆ ಒತ್ತಿಕೊಂಡು ಹಬ್ಬಿತ್ತು, ಒಂದೊಂದು ದಂಟೂ ಗಾಳಿ ತುಂಬಿದ ಬಲೂನಿನಂತೆ ಉಬ್ಬಿತ್ತು. ಅದರ ನಡುವೆ ಸಾಂಬಾರು ಹಳದಿಗಟ್ಟಿದ ಪಾರ್ಸೆಲ್ ಕವರು, ಬಾಯಿಗೆ ಹಾಕಿದ್ದ ರಬ್ಬರ್ ಬ್ಯಾಂಡ್ ಇನ್ನೂ ಬಿಚ್ಚಿರಲಿಲ್ಲ. ನೇರಳೆ ಜಂಬುಕೋಳಿಯೊಂದು ಆ ಎಲೆಗಳ ಮೇಲೆ ಜಮೀನು ನೋಡಲು ಬಂದ ಧಣಿಯ ಗತ್ತಿನಲ್ಲಿ ಕಾಲೆತ್ತಿಟ್ಟು ನಡೆಯುತ್ತಿತ್ತು.)

ನಾನು: ಅಂತರಗಂಗೆಯ ಬಗ್ಗೆ?

ಕೆರೆ: ತೆಗೀತಾರೆ, ಬೆಳೆಯುತ್ತೆ. ಬೆಳೆಯುತ್ತೆ, ತೆಗೀತಾರೆ. ಕೊಳಚೆಯ ಗೊಬ್ಬರ ದಿನಾ ಸುರಿದರೆ ಇನ್ನೇನಾಗುತ್ತೆ? ಮುಂದಿನ ಪ್ರಶ್ನೆ.

ನಾನು: ಮೆಟ್ರೊ?

ಕೆರೆ: (ನಗುತ್ತಾ) 2025ರ ನವೆಂಬರಿನಲ್ಲಿ ದಿಲ್ಲಿಯವರು ಕಡತ ವಾಪಸು ಕಳಿಸಿದರಂತೆ. 20 ಲಕ್ಷ ಜನ ಬೇಕು, 2011ರ ಗಣತಿ ಪ್ರಕಾರ ಕೋವೈಯಲ್ಲಿ ಇರೋದು 15.84 ಲಕ್ಷ, ಸಾಲದು ಅಂತ. ಗಣತಿಯವರು ಬಂದು ಎಷ್ಟೋ ವರ್ಷ ಆಯ್ತು, ಜನರ ಬಚ್ಚಲು ನೀರು ಮಾತ್ರ ತಪ್ಪದೆ ನನ್ನಲ್ಲಿಗೆ ದಿನಾ ಬರುತ್ತೆ. ಆ ಸಾಹೇಬರನ್ನ ಇಲ್ಲಿ ಏರಿ ಮೇಲೆ ಅರ್ಧ ಗಂಟೆ ಕೂರಿಸಿದ್ದರೆ 20 ಲಕ್ಷ ದಾಟಿದೆ ಅಂತ ಮೂಗಿನಲ್ಲೇ ಲೆಕ್ಕ ಸಿಗುತ್ತಿತ್ತು.

ನಾನು: ಫ್ಲೈಓವರ್‌ಗಳಿಗೇನೂ ಕಮ್ಮಿ ಇಲ್ಲವಲ್ಲ. ಅವಿನಾಶಿ ರಸ್ತೆಯಲ್ಲಿ 10.1 ಕಿಲೋಮೀಟರಿನದ್ದು 2025ರ ಅಕ್ಟೋಬರಿನಲ್ಲಿ ತೆರೆಯಿತು, ಇಲ್ಲಿನ ಸಂಶೋಧಕ ಜಿ.ಡಿ. ನಾಯ್ಡು ಅವರ ಹೆಸರಲ್ಲಿ.

ಕೆರೆ: ನಾಯ್ಡು ಅವರ ಹೆಸರಿಟ್ಟದ್ದು ಸರಿ, ಇಂಥ ಊರಿಗೆ ಅಂಥ ತಲೆಯೇ ಬೇಕಿತ್ತು. ನಮ್ಮ ತಿರುಚ್ಚಿ ರಸ್ತೆಯ ಮೇಲ್ಸೇತುವೆ 2022ರಲ್ಲೇ ತೆರೆಯಿತು. ಸುಂಗಂ, ರಾಮನಾಥಪುರ ಎಲ್ಲ ಹಾರಿಸಿಕೊಂಡು ಬಂದು ಸಿಂಗಾನಲ್ಲೂರು ಮುಟ್ಟೋ ಮೊದಲೇ ಕೈ ಬಿಡುತ್ತೆ. ಅಲ್ಲಿ ಹಾರಿದವರೆಲ್ಲ ಇಲ್ಲಿ ಬಂದು ಸಿಕ್ಕಿಕೊಳ್ತಾರೆ. ಮಧುರೆ, ತಂಜಾವೂರು, ತಿರುಚ್ಚಿ ಬಸ್ಸುಗಳು ನಮ್ಮ ನಿಲ್ದಾಣದಿಂದಲೇ ಹೊರಡೋದು. ಜಾಗ ಸಾಲದು, ವೆಳ್ಳಲೂರಿಗೆ ಕಳಿಸ್ತೀವಿ ಅಂದರು. 61 ಎಕರೆ, 168 ಕೋಟಿ, 2020ರಲ್ಲಿ ಭೂಮಿಪೂಜೆ. 2021ರಲ್ಲಿ ಸರ್ಕಾರ ಬದಲಾಯ್ತು, ಕಂಬಗಳು ಎದ್ದಷ್ಟಕ್ಕೇ ನಿಂತವು. ಹಳೇ ಸರ್ಕಾರದವರು ಹೊಸಬರನ್ನ ಬೈದರು, ಹೊಸಬರು ಜಾಗವನ್ನೇ ಬೈದರು. ಬಸ್ಸು ಮಾತ್ರ ಇಲ್ಲೇ ಹಾರನ್ ಒತ್ತುತ್ತಿದೆ.

ನಾನು: 2010ರ ವಿಶ್ವ ತಮಿಳು ಸೆಮ್ಮೊಳಿ ಸಮ್ಮೇಳನದಲ್ಲಿ ಘೋಷಿಸಿದ ಉದ್ಯಾನ 2025ರಲ್ಲಿ ತೆರೆದಿದೆ. ಕಾದರೆ ನಿಮಗೂ ಬಂದೀತು. ಅಂದ ಹಾಗೆ ಕನ್ನಡಕ್ಕೂ 2008ರಲ್ಲೇ ಶಾಸ್ತ್ರೀಯ ಸ್ಥಾನ ಸಿಕ್ಕಿತು...

ಕೆರೆ: ಬಾ, ಮತ್ತೆ ಅಲ್ಲಿಗೇ ಬಂದೆ.

ನಾನು: ಇಲ್ಲ ಇಲ್ಲ, ಸಿನಿಮಾದ ಪ್ರಶ್ನೆ ಇದು. ಸಿಂಗಾನಲ್ಲೂರಿನ ಸೆಂಟ್ರಲ್ ಸ್ಟುಡಿಯೊ ಆ ಕಾಲಕ್ಕೆ ದೊಡ್ಡ ಹೆಸರು. ‘ಬೇಡರ ಕಣ್ಣಪ್ಪ’ 1954ರದ್ದು. ಅಣ್ಣಾವ್ರು ಯಾವತ್ತಾದರೂ ಈ ಕಡೆ...

ಕೆರೆ: ಎಂ.ಜಿ.ಆರ್. ಬಂದಿದ್ದರು. ‘ರಾಜಕುಮಾರಿ’, 1947. ಅವರು ಮೊದಲ ಸಲ ನಾಯಕ ಆದದ್ದೇ ಅದರಲ್ಲಿ. ಮಾತು ಬರೆದದ್ದು ಕರುಣಾನಿಧಿ, ಆಗಿನ್ನೂ ಹುಡುಗ. ಇಬ್ಬರೂ ಮುಖ್ಯಮಂತ್ರಿ ಆದರು. ಈ ಬೀದೀಲಿ ಓಡಾಡಿದವರು ಇಷ್ಟು ಮೇಲೇರಿದರೆ ಕೆರೆಗೂ ಒಂದು ಪಾಲು ಸಿಗುತ್ತೆ ಅಂತ ಕಾದೆ. ಸಿಕ್ಕಿದ್ದು ಒಂದು ಕರಾರು. 2010ರಲ್ಲಿ ಲೋಕೋಪಯೋಗಿ ಇಲಾಖೆಯವರು ನನ್ನನ್ನ ಪಾಲಿಕೆಗೆ 90 ವರ್ಷದ ಗುತ್ತಿಗೆಗೆ ಕೊಟ್ಟರು. ಅಕ್ಕತಂಗಿಯರನ್ನೂ ಸೇರಿಸಿಯೇ. ನೊಯ್ಯಲಿನ ಕೆರೆಗಳನ್ನ ಚೋಳರ ಕಾಲದವು ಅಂತಾರೆ. ಮುತ್ತಜ್ಜಿಯನ್ನ ಒಂದು ಆಫೀಸಿನ ಮೇಜಿನಿಂದ ಇನ್ನೊಂದು ಆಫೀಸಿನ ಮೇಜಿಗೆ ದಾಟಿಸಿದರು.

ನಾನು: ಗುತ್ತಿಗೆಯಿಂದ ಒಳ್ಳೆಯದೂ ಆಗಿರಬೇಕಲ್ಲ? ಒತ್ತುವರಿಗಳನ್ನಾದರೂ ತೆರವು ಮಾಡಿದರು.

(ಕೆರೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.)

ಕೆರೆ: ಒತ್ತುವರಿ ಅಂದೆಯಲ್ಲ, ಯಾರದ್ದು ಅಂತ ಹೇಳು. ವಾಲಾಂಕುಳದ ಒಡಲನ್ನ ಸೀಳಿಕೊಂಡು ರೈಲು ಹೋಗುತ್ತೆ. ಸುಂಗಂ ಬೈಪಾಸು ಇದೆಯಲ್ಲ, ಅದು ನೀರಿಗೆ ಮಣ್ಣು ಸುರಿದು ಹಾಕಿದ ರಸ್ತೆ. ಅವನ್ನ ಯಾರೂ ಒತ್ತುವರಿ ಅನ್ನಲಿಲ್ಲ, ಮೂಲಸೌಕರ್ಯ ಅಂದರು. ಮುತ್ತಣ್ಣನ್ ಕುಳದ ಏರಿ ಮೇಲೆ, ವಾಲಾಂಕುಳದ ದಡದಲ್ಲಿ ತಲೆಮಾರುಗಳಿಂದ ಇದ್ದವರು ಮಾತ್ರ ಒತ್ತುವರಿದಾರರು. ಆ ಮನೆಗಳಿಗೆ ಕರೆಂಟು ಕೊಟ್ಟವರು ಯಾರು? ರೇಷನ್ ಕಾರ್ಡು ಕೊಟ್ಟವರು ಯಾರು? ಎಲೆಕ್ಷನ್ನಿಗೆ ಓಟಿನ ಚೀಟಿ ಹಿಡಿದು ಅದೇ ಬಾಗಿಲಿಗೆ ಬಂದವರು ಯಾರು? ಆಗ ಏರಿ ಕಾಣಲಿಲ್ಲವೇ? ಸ್ಮಾರ್ಟ್ ಸಿಟಿ ದುಡ್ಡು ಬಂದ ಮೇಲೆ ಕಂಡಿತು. ಜೆಸಿಬಿ ಬಂತು. ಸಾಮಾನು ಲಾರೀಲಿ ಹಾಕಿ ಕೀರನತ್ತಂ, ಮಲುಮಿಚ್ಚಂಪಟ್ಟಿ, ವೆಳ್ಳಲೂರು ಅಂತ ಊರಾಚೆಯ ಸರ್ಕಾರಿ ವಸತಿ ಬೋರ್ಡಿನ ಮಹಡಿಮನೆಗಳಿಗೆ ಕಳಿಸಿದರು. ವೆಳ್ಳಲೂರು ಗೊತ್ತಲ್ಲ? ಊರಿನ ಕಸವೆಲ್ಲ ಹೋಗೋ ಜಾಗ. ಕಸವನ್ನ ಎಲ್ಲಿಗೆ ಸುರೀತಾರೋ ಅಲ್ಲಿಗೇ ಜನರನ್ನೂ ಕಳಿಸಿದರು. ಆರ್.ಎಸ್. ಪುರದ ಮನೆಗಳಿಗೆ ನಡೆದು ಹೋಗಿ ಪಾತ್ರೆ ತಿಕ್ಕುತ್ತಿದ್ದ ಹೆಂಗಸು ಈಗ ಎರಡು ಬಸ್ಸು ಹಿಡೀಬೇಕು. ಹಿಡಿದು ಬರೋದರೊಳಗೆ ಆ ಮನೆಯವರು ಬೇರೆಯವರನ್ನ ಇಟ್ಟುಕೊಂಡಿರ್ತಾರೆ. ಮಗುವಿನ ಶಾಲೆ ಇಲ್ಲಿ, ಮನೆ ಅಲ್ಲಿ.

ಇವರಿಂದಲೇ ಕೆರೆ ಕೆಟ್ಟಿತು ಅಂದರು. ಸರಿ, ಅವರನ್ನ ಕಳಿಸಿದಿರಿ. ಅವರ ಒಲೆ ಇದ್ದ ಜಾಗದಲ್ಲಿ ವಾಕಿಂಗ್ ಟ್ರ್ಯಾಕ್ ಹಾಕಿದಿರಿ. ಹಾಗಾದರೆ ಈಗ ಬರ್ತಿರೋ ಕೊಳಚೆ ಯಾರದ್ದು? ಅಪಾರ್ಟ್‌ಮೆಂಟಿನ ಆರನೇ ಮಹಡಿಯಲ್ಲಿ ಫ್ಲಶ್ ಒತ್ತಿದವರು ಬೆಳಿಗ್ಗೆ ಬೂಟು ಹಾಕಿಕೊಂಡು ಬಂದು ‘ವಾಸನೆ’ ಅಂತಾರೆ. ಅದು ಅವರದೇ ಮನೆಯ ವಾಸನೆ. ಅವರಿಗೆ ಯಾರೂ ನೋಟಿಸು ಅಂಟಿಸಿಲ್ಲ. ಪೆರಿಯಕುಳದ ದೀಪ ನೋಡಿ ನಾನು ಹೊಟ್ಟೆಕಿಚ್ಚು ಪಟ್ಟಿದ್ದು ನಿಜ. ಆ ದೀಪದ ಕಂಬ ನಿಲ್ಲಿಸೋಕೆ ಯಾರ ಗೋಡೆ ಕೆಡವಿದರು ಅಂತಲೂ ನನಗೆ ಗೊತ್ತು.

(ಅಣ್ಣಾವ್ರ ಬಗ್ಗೆ ಇನ್ನೂ ಎರಡು ಪ್ರಶ್ನೆ ಬರೆದಿಟ್ಟುಕೊಂಡಿದ್ದೆ. ಚೀಟಿ ಮಡಚಿ ಜೇಬಿಗೆ ಹಾಕಿದೆ.)

ನಾನು: ನಿಮ್ಮಿಂದ ಹೊರಟ ನೀರು ಮುಂದೆ...

ಕೆರೆ: ನೊಯ್ಯಲಿಗೆ. ಮುಂದೆ ತಿರುಪ್ಪೂರು. ಅಲ್ಲಿ ನಿನ್ನ ಬನಿಯನ್ನಿಗೆ ಹಾಕಿದ ಬಣ್ಣ ಸೇರುತ್ತಿತ್ತು. ರೈತರಿಗೆ ನೀರಾಗಲಿ ಅಂತ ಒರತ್ತುಪಾಳೆಯದಲ್ಲಿ ಕಟ್ಟಿದ ಅಣೆಕಟ್ಟು ಬಣ್ಣದ ತೊಟ್ಟಿ ಆಯ್ತು. ರೈತರೇ ಕೋರ್ಟಿಗೆ ಹೋಗಿ ಹೋರಾಡಿದರು. 2011ರ ಜನವರೀಲಿ ಮದ್ರಾಸ್ ಹೈಕೋರ್ಟು ಬಣ್ಣದ ಘಟಕಗಳಿಗೆ ಬೀಗ ಹಾಕಿ ಅಂತು, ಆಮೇಲೆ ಶುದ್ಧೀಕರಣ ಅಂತ ಓಡಾಡಿದರು. ನೊಯ್ಯಲು ಕೊನೆಗೆ ಸೇರೋದು ಕಾವೇರಿಗೆ. ನೀವು ಕನ್ನಡದವರೂ ಈ ತಮಿಳರೂ ಟಿಎಂಸಿ ಲೆಕ್ಕಕ್ಕೆ ಬಸ್ಸಿಗೆ ಕಲ್ಲು ಹೊಡೀತೀರಿ. ಆ ಕಾವೇರಿಗೆ ನಾವು ಏನು ಸೇರಿಸ್ತಿದ್ದೀವಿ ಅಂತ ಯಾವ ಟ್ರಿಬ್ಯುನಲ್ಲೂ ನನ್ನನ್ನ ಕೇಳಿಲ್ಲ.

ನಾನು: ಬೆಂಗಳೂರಿನಲ್ಲಾದರೆ...

ಕೆರೆ: ಬೆಂಗಳೂರಿನಲ್ಲಾದರೆ ಏನು? ಬೆಳ್ಳಂದೂರಿನ ನೀರಿಗೆ ಬೆಂಕಿ ಹತ್ತಿದ್ದನ್ನ ನಾನೂ ಕೇಳಿದ್ದೀನಿ. ನೀನು ಇವತ್ತು ಬಸ್ಸು ಹತ್ತಿದ್ದು ಎಲ್ಲಿಂದ?

ನಾನು: ಮೆಜೆಸ್ಟಿಕ್‌ನಿಂದ.

ಕೆರೆ: ಅದು ಧರ್ಮಾಂಬುಧಿ ಕೆರೆಯ ಅಂಗಳ ಅಲ್ಲವೇ? ಅದನ್ನ ಒಣಗಿಸಿ ಬಸ್ ನಿಲ್ದಾಣ ಮಾಡಿದಿರಿ, ಸಂಪಂಗಿ ಕೆರೆಯನ್ನ ಸ್ಟೇಡಿಯಂ ಮಾಡಿದಿರಿ. ಸತ್ತ ಕೆರೆಯ ಎದೆ ಮೇಲೆ ಟಿಕೆಟು ಹರಿಸಿಕೊಂಡು ಬದುಕಿರೋ ಕೆರೆಯ ಸಂದರ್ಶನಕ್ಕೆ ಬಂದಿದ್ದೀಯ.

ನಾನು: ಕೊನೆಯದಾಗಿ ಒಂದೇ ಒಂದು. ಎರಡು ಸಿಂಗಾನಲ್ಲೂರುಗಳನ್ನು ಸೇರಿಸಿ ಒಂದು ಸ್ಮಾರಕ ಸಮಿತಿ ಮಾಡಿದರೆ ನಿಮ್ಮ ಒಪ್ಪಿಗೆ ಇದೆಯೇ?

ಕೆರೆ: ಒಪ್ಪಿಗೆ ಕೊಡೋಕೆ ನಾನು ಯಾರು ಕಣ್ಣು? 2010ಕ್ಕೆ 90 ಕೂಡಿಸು. ಗುತ್ತಿಗೆ 2100ಕ್ಕೆ ಮುಗಿಯುತ್ತೆ. ಅಲ್ಲಿಯವರೆಗೆ ಅರ್ಜಿಯನ್ನ ಟೌನ್‌ಹಾಲ್ ಪಕ್ಕದ ಪಾಲಿಕೆ ಆಫೀಸಿನಲ್ಲಿ ಕೊಟ್ಟು ರಶೀದಿ ತಗೋ. ಹೋಗೋವಾಗ ಪೆರಿಯಕುಳದ ಹತ್ತಿರ ಇಳಿದು ಫೋಟೊ ತೆಗೆಸಿಕೊಳ್ಳಬೇಡ, ನನಗೆ ಗೊತ್ತಾಗುತ್ತೆ.