ಮಾರಿ ದಾಟಿಸುವ ವಿದ್ಯೆ

ಸಾಂಕ್ರಾಮಿಕ ಜ್ವರ ಬರುವ ಮುಂಚೆ ಮನೆಯವರು ಏನು ಮಾಡಿಕೊಳ್ಳಬೇಕು, ಕಚೇರಿಯವರು ಏನು ಮಾಡಿಕೊಳ್ಳಬೇಕು ಎಂದು ಬರೆದ ಕೈಪಿಡಿಗಳಿಗೆ ಪ್ರಪಂಚದಲ್ಲಿ ಬರವಿಲ್ಲ. ಹಕ್ಕಿಜ್ವರದ ದಿಗಿಲು ಹತ್ತಿದ್ದ 2006–07ರ ಸುಮಾರಿನಲ್ಲೇ ಅಮೆರಿಕದ ಸರ್ಕಾರ ಪಟ್ಟಿ ಮಾಡಿ ಹಂಚಿತ್ತು: ಮನೆಯಲ್ಲಿ ಎರಡು ವಾರಕ್ಕಾಗುವಷ್ಟು ಊಟ, ನೀರು ಇಟ್ಟುಕೊಳ್ಳಿ, ನೂರಕ್ಕೆ ನಲವತ್ತು ನೌಕರರು ಬಾರದೆ ಹೋದರೂ ಕಚೇರಿ ನಡೆಯುವ ಹಾಗೆ ನೋಡಿಕೊಳ್ಳಿ. ಅಷ್ಟು ದೂರ ಕೂತು ಅಷ್ಟೊಂದು ಕಾಗದ ಹಾಳು ಮಾಡುವ ಬದಲು ಅವರಲ್ಲಿ ಒಬ್ಬರಾದರೂ ಶಿರಾ ತಾಲ್ಲೂಕಿನ ಗೌಡಗೆರೆ ಹೋಬಳಿಗೆ ಬಂದು ಎರಡು ದಿನ ಇದ್ದು ಹೋಗಬಹುದಿತ್ತು. ನಮ್ಮ ಸೀಮೆಗೆ ಸಿದ್ಧತೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕನ್ನೂ ಸೇರಿಸಿಯೇ ಈ ಮಾತು ಹೇಳುತ್ತಿದ್ದೇನೆ.

ಮೊದಲು ಕಚೇರಿಯ ವಿಚಾರ. ನೂರರಲ್ಲಿ ನಲವತ್ತು ಕುರ್ಚಿ ಖಾಲಿಯಾದರೆ ಗತಿಯೇನು ಎಂದು ಪರದೇಶದವರು ಹಣೆಗೆ ಕೈ ಹಚ್ಚಿ ಕೂರುತ್ತಾರೆ. ನಮ್ಮಲ್ಲಿ ಯಾವ ಜ್ವರವೂ ಇಲ್ಲದ ದಿನ, ಬಿಸಿಲು ನೆಟ್ಟಗೆ ಬಿದ್ದ ಬುಧವಾರ ಮಧ್ಯಾಹ್ನ, ಯಾವುದಾದರೂ ಕಚೇರಿಗೆ ಹೋಗಿ ನೋಡಿ. ಸಾಹೇಬರು ಮೀಟಿಂಗಿಗೆ, ಅವರ ಪ್ರಭಾರ ವಹಿಸಿಕೊಂಡವರು ಇನ್ನೊಂದು ಹೋಬಳಿಗೆ, ಕೇಸ್ ವರ್ಕರು ಊಟಕ್ಕೆ, ಸರ್ವರು ಡೌನು. ಒಬ್ಬ ಗ್ರಾಮ ಆಡಳಿತಾಧಿಕಾರಿ ಎರಡು ಮೂರು ವೃತ್ತ ನೋಡಿಕೊಳ್ಳುತ್ತಾ ಎಲ್ಲ ವೃತ್ತದವರಿಂದಲೂ ಸಮಾನ ಅಂತರ ಕಾಯ್ದುಕೊಂಡಿರುತ್ತಾನೆ. ಜನರು ಆರಡಿ ದೂರ ನಿಲ್ಲಬೇಕೆಂದು ಸುಣ್ಣದಲ್ಲಿ ದುಂಡಗೆ ಬರೆಯುವ ಕಾಲ ಬಂದಾಗ ನಮಗೆ ನಗು ಬಂತು. ಕೇಳಿದ ದಾಖಲೆಗೂ ಕೇಳಿದವನಿಗೂ ನಡುವೆ ಇಲ್ಲಿ ಆರು ತಿಂಗಳ ಅಂತರವಿರುವಾಗ ಆರಡಿ ಯಾವ ಲೆಕ್ಕ?

ಕಚೇರಿಯ ಸಿದ್ಧತೆಯಲ್ಲಿ ನಾನು ಬಹಳ ಮೆಚ್ಚಿದ್ದು ಸ್ಯಾನಿಟೈಸರ್ ಸ್ಟ್ಯಾಂಡು. ಕಬ್ಬಿಣದ ಪೈಪು ಕೊಯ್ದು, ವೆಲ್ಡಿಂಗ್ ಮಾಡಿ, ಹಳದಿ ಬಣ್ಣ ಬಳಿದು, ಕೆಳಗೆ ಕಾಲಲ್ಲಿ ಒತ್ತುವ ಪೆಡಲು, ಮೇಲೆ ಬಾಟಲಿ. ನಡುವೆ ದಾನಿಗಳ ಹೆಸರು ಬರೆದ ತಗಡು. ಬಾಟಲಿಗಿಂತ ತಗಡೇ ದೊಡ್ಡದು. ಮೊದಲ ವಾರ ಒತ್ತಿದರೆ ಸ್ಪಿರಿಟ್ ವಾಸನೆಯ ದ್ರವ ಬೀಳುತ್ತಿತ್ತು. ಎರಡನೇ ವಾರ ವಾಸನೆ ಹೋಗಿ ದ್ರವ ಉಳಿಯಿತು. ಮೂರನೇ ವಾರದಿಂದ ಪೆಡಲು ಒತ್ತಿದರೆ ‘ಕಿರ್ರ್’ ಎನ್ನುವುದಷ್ಟೇ ಬಂತು. ಆದರೂ ಜನ ಒತ್ತಿ, ಒಣಗಿದ ಎರಡು ಕೈಯನ್ನೂ ಉಜ್ಜಿಕೊಂಡು, ಭಕ್ತಿಯಿಂದ ಒಳಗೆ ಹೋದರು. ಅದರ ಪಕ್ಕದಲ್ಲೇ ಜ್ವರ ನೋಡುವ ಗನ್ನು. ಅದು ಬಂದವರಿಗೆಲ್ಲ 94 ಡಿಗ್ರಿ ತೋರಿಸುತ್ತಿತ್ತು. ಒಮ್ಮೆ ಯಾರಿಗೋ ಅಪ್ಪಿತಪ್ಪಿ 98 ಬಂದಾಗ, ಮನುಷ್ಯನ ಮೈಗೆ ಇರಬೇಕಾದ ಬಿಸಿ ಅದೇ ಎಂಬುದನ್ನು ಎಲ್ಲರೂ ಮರೆತು, ಆತನನ್ನು ಹುಣಸೆಮರದ ಕೆಳಗೆ ಕೂರಿಸಿದರು. ಈಗ ಆ ಸ್ಟ್ಯಾಂಡಿಗೆ ಪೊರಕೆ ಒರಗಿಸಿದ್ದಾರೆ. ಮುಂದಿನ ಸಾಂಕ್ರಾಮಿಕ ಬಂದ ದಿನ ಪೊರಕೆ ತೆಗೆದರೆ ಸಾಕು, ಕಚೇರಿ ಸಿದ್ಧ.

ಇಷ್ಟೆಲ್ಲ ಜಾಣತನ ನಮಗೆ ಎಲ್ಲಿಂದ ಬಂತೆಂದರೆ, ಹಿರಿಯರಿಂದ. ಬಯಲುಸೀಮೆಯ ಹಳ್ಳಿಗಳಲ್ಲಿ ಕಾಲರಾ, ಸಿಡುಬು ಬಂದಾಗ ಮಾರಮ್ಮನ ಮೂರ್ತಿ ಮಾಡಿ, ಪೂಜೆ ಸಲ್ಲಿಸಿ, ತಮಟೆ ಬಡಿಯುತ್ತಾ ಊರ ಗಡಿ ದಾಟಿಸಿ ಬರುತ್ತಿದ್ದರು. ಆಚೆ ಊರಿನವರು ಬೆಳಗಾಗೆದ್ದು ನೋಡಿ, ಅವರೂ ಪೂಜೆ ಮಾಡಿ ಅವರ ಗಡಿ ದಾಟಿಸುತ್ತಿದ್ದರು. ಕಾಯಿಲೆ ಎಲ್ಲಿಗೆ ಹೋಯಿತು ಎಂಬುದು ಮುಖ್ಯವಲ್ಲ. ನಮ್ಮ ಸರ್ವೆ ನಂಬರಿನಲ್ಲಿಲ್ಲ ಎಂಬುದು ಮುಖ್ಯ. ಇವತ್ತಿನ ಸುತ್ತೋಲೆಯ ಮೂಲ ಈ ಮೆರವಣಿಗೆಯೇ ಎಂದು ನನ್ನ ನಂಬಿಕೆ. ಬೆಂಗಳೂರಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಪಂಚಾಯಿತಿಗೆ ‘ಸೂಕ್ತ ಕ್ರಮಕ್ಕಾಗಿ’ ಬರೆದು ದಾಟಿಸುತ್ತಾ ಬಂದರೆ, ಕೊನೆಗೆ ಅದು ಒಬ್ಬ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಹೋಗಿ ಕೂರುತ್ತದೆ. ಆಕೆಗೆ ದಾಟಿಸಲು ಮುಂದೆ ಯಾರೂ ಇಲ್ಲ. ಅದಕ್ಕೇ ಆಕೆ ಮನೆ ಮನೆ ಸುತ್ತುತ್ತಾಳೆ.

ಆಕೆಯ ವಿಷಯದಲ್ಲಿ ನಾಡು ತೋರಿದ ಮಿತವ್ಯಯವನ್ನೂ ಹೊಗಳಲೇಬೇಕು. 2020ರ ಮೇ 3ರಂದು ವಾಯುಪಡೆಯ ಹೆಲಿಕಾಪ್ಟರುಗಳು ದೇಶದ ಆಸ್ಪತ್ರೆಗಳ ಮೇಲೆ ಹೂವು ಸುರಿಸಿದವು. ಜುಲೈ 10ರಂದು ರಾಜ್ಯದ ಆಶಾ ಕಾರ್ಯಕರ್ತೆಯರು, ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ, ಮಾಸ್ಕು ಗ್ಲೌಸು ಕೊಡಿ ಎಂದು ಮುಷ್ಕರಕ್ಕೆ ಕೂತರು. ಹೂವು ಬಿದ್ದು ಇನ್ನೂ ಮೂರು ತಿಂಗಳಾಗಿರಲಿಲ್ಲ. ಎಷ್ಟು ಆತುರ ನೋಡಿ.

ಇನ್ನು ಮನೆ. ಹಿಂದಿನವರು ಎರಡು ವಾರವಲ್ಲ, ಎರಡು ವರ್ಷಕ್ಕಾಗುವಷ್ಟು ರಾಗಿಯನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿಡುತ್ತಿದ್ದರು. ಪ್ಲೇಗು ಬಂದಾಗ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಇದರಲ್ಲಿ ನಿಜವಾಗಿಯೂ ಬುದ್ಧಿಯಿತ್ತು. ಪ್ಲೇಗಿನ ಇಲಿ, ಇಲಿಯ ಮೈಮೇಲಿನ ಚಿಗಟ ಎರಡೂ ಊರೊಳಗೇ ಉಳಿಯುತ್ತಿದ್ದವು. ಫ್ಲೂ ಹಾಗಲ್ಲ, ಅದು ನಮ್ಮ ಉಸಿರಿನಲ್ಲೇ ಗಂಟುಮೂಟೆ ಕಟ್ಟಿಕೊಂಡು ಜೊತೆಗೆ ಬರುತ್ತದೆ; ಮೈ ಬಿಸಿಯಾಗುವ ಹಿಂದಿನ ದಿನವೇ ಪಕ್ಕದವನಿಗೆ ಹತ್ತಿಸಿರುತ್ತದೆ. 1918ರಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡು, ರೈಲು ಹತ್ತಿ ದೇಶವೆಲ್ಲ ಸುತ್ತಿ, ಕೋಟಿಗೂ ಮಿಕ್ಕಿ ಜನರನ್ನು ಒಯ್ದದ್ದು ಹೀಗೆಯೇ. 1921ರ ಜನಗಣತಿಯಲ್ಲಿ ಇಡೀ ದೇಶದ ಜನಸಂಖ್ಯೆ ಹತ್ತು ವರ್ಷದ ಹಿಂದಿನದಕ್ಕಿಂತ ಕಡಿಮೆಯಿತ್ತು. ಆದರೆ ಇಂಥ ಸಣ್ಣಪುಟ್ಟ ವ್ಯತ್ಯಾಸಕ್ಕೆಲ್ಲ ನಾವು ಪದ್ಧತಿ ಬದಲಾಯಿಸುವವರಲ್ಲ.

ಹಗೇವು ಈಗ ಕಸ ತುಂಬಿ ಮುಚ್ಚಿವೆ. ನ್ಯಾಯಬೆಲೆ ಅಂಗಡಿ ಇದೆ, ಹೆಬ್ಬೆಟ್ಟು ಒತ್ತಿದರೆ ಅಕ್ಕಿ. ಉಳಿದದ್ದು ನೀರು. ಸೋಪು ಹಚ್ಚಿ ಇಪ್ಪತ್ತು ಸೆಕೆಂಡು ಕೈ ತೊಳೆಯಿರಿ ಎಂದು ಮೊಬೈಲಿನ ರಿಂಗಿಗೆ ಮುಂಚೆ ಒಬ್ಬ ಹೆಣ್ಣುಮಗಳು ಹೇಳುತ್ತಿದ್ದಳು. ಪಾವಗಡ, ಶಿರಾ ಕಡೆ ಕೊಳವೆಬಾವಿಯ ನೀರೆಂದರೆ ಫ್ಲೋರೈಡು. ಕುಡಿಯುವುದನ್ನು ಘಟಕಕ್ಕೆ ಕಾಯಿನ್ ಹಾಕಿ ಕ್ಯಾನಿನಲ್ಲಿ ಹಿಡಿದು, ಟಿವಿಎಸ್ಸಿನ ಮೇಲೆ ತರಬೇಕು. ನಲ್ಲಿ ಬರುವುದು ಅದಕ್ಕೆ ತಿಳಿದ ದಿನ. ಇಂಥಲ್ಲಿ ಇಪ್ಪತ್ತು ಸೆಕೆಂಡು ನೀರು ಬಿಟ್ಟುಕೊಂಡು ನಿಂತ ಸೊಸೆಗೆ ಅತ್ತೆ ಏನನ್ನುತ್ತಾಳೆಂದು ಆರೋಗ್ಯ ಇಲಾಖೆಯವರು ಯೋಚಿಸಿದ್ದಾರೆಯೇ? ನಮ್ಮವರು ಅದಕ್ಕೂ ದಾರಿ ಕಂಡುಕೊಂಡರು. ಮನೆಯ ಯಜಮಾನ ಕೈ ತೊಳೆದ ನೀರು ಕೆಳಗಿಟ್ಟ ಬೋಸಿಗೆ, ಬೋಸಿಯದು ಮಕ್ಕಳ ಕಾಲಿಗೆ, ಅಲ್ಲಿಂದ ಕರಿಬೇವಿನ ಬುಡಕ್ಕೆ. ಕರಿಬೇವಿಗೆ ಇದುವರೆಗೂ ಸೋಂಕು ತಗುಲಿಲ್ಲ.

ಮನೆಯ ಸಿದ್ಧತೆಯ ಶಿಖರವೆಂದರೆ ಬೇಲಿ. 2020ರ ಮಾರ್ಚ್ 27ರಂದು ಜಿಲ್ಲೆಯ ಮೊದಲ ಕೋವಿಡ್ ಸಾವು ಸಂಭವಿಸಿತು. ದೆಹಲಿಗೆ ಹೋಗಿಬಂದಿದ್ದ ಶಿರಾದ ಹಿರಿಯರೊಬ್ಬರು. ವೈರಾಣು ಯಾವುದೆಂದು ಪ್ರಯೋಗಾಲಯ ಹೇಳುವಷ್ಟರಲ್ಲಿ, ತಪ್ಪು ಯಾವ ಓಣಿಯದೆಂದು ಅರಳಿಕಟ್ಟೆ ತೀರ್ಮಾನ ಮಾಡಿ ಮುಗಿಸಿತ್ತು. ನಿನ್ನೆಯವರೆಗೆ ತರಕಾರಿ ಗಾಡಿ ನಿಲ್ಲಿಸಿ ಚೌಕಾಶಿ ಮಾಡುತ್ತಿದ್ದವರು, ಗಾಡಿಯವನ ಹೆಸರು ಕೇಳಿ ಕೊಳ್ಳತೊಡಗಿದರು. ಆಮೇಲೆ ಊರ ದಾರಿಗೆ ಜಾಲಿಮುಳ್ಳು ಬಿತ್ತು. ನಮ್ಮಲ್ಲಿ ಮಳೆಗೆ ಬರವುಂಟು, ಜಾಲಿಗಿಲ್ಲ. ಬೆಂಗಳೂರಿನಿಂದ ನಡೆದೋ ಟೆಂಪೋ ಹಿಡಿದೋ ಬಂದ ಮಗ ಮುಳ್ಳಿನ ಆಚೆ, ಅಪ್ಪ ಈಚೆ.

“ಯಾರ್‍ಲಾ ಅದು?”

“ನಾನೇ ಕಣಪ್ಪ.”

“ನೀನೇ ಅಂತ ಗೊತ್ತು ಕಣ್ಲಾ. ಮೋಟ್ರು ಮನೆಗೆ ಹೋಗು, ಅಲ್ಲೇ ಇರು ಹದಿನೈದು ದಿನ. ನಿಮ್ಮವ್ವ ಮುದ್ದೆ ಕಳಿಸ್ತಾಳೆ.”

“ಕೂಲಿ ದುಡ್ಡು ತಂದಿವ್ನಿ ಕಣಪ್ಪ.”

“ಅದನ್ನ ಬೇಲಿ ಮ್ಯಾಲೆ ಇಕ್ಕು.”

ಯಾವ ದೇಶದ ಕೈಪಿಡಿಯಲ್ಲಾದರೂ ಇಷ್ಟು ಚೊಕ್ಕವಾದ ಪ್ರತ್ಯೇಕವಾಸದ ಕ್ರಮ ಇದೆಯೇ? ಮನುಷ್ಯನಿಗೆ ಹದಿನೈದು ದಿನ, ನೋಟಿಗೆ ಒಂದು ಕ್ಷಣ.

ಕುರಿಗಳ ಸಿದ್ಧತೆ ನಮ್ಮದಕ್ಕಿಂತ ಒಂದು ಕೈ ಮೇಲು. 2020ರ ಜೂನ್ ಕೊನೆಗೆ ನಮ್ಮದೇ ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗೋಡೇಕೆರೆ ಗೊಲ್ಲರಹಟ್ಟಿಯಲ್ಲಿ ಕುರಿ ಕಾಯುವವರೊಬ್ಬರಿಗೆ ಸೋಂಕು ತಗುಲಿತು. ಅವರ ಕುರಿ ಮೇಕೆಗಳನ್ನು ಬೇರೆ ಕೂಡಿಹಾಕಿ, ಪಶು ವೈದ್ಯರು ಬಂದು ಮೂಗಿನಿಂದ ಮಾದರಿ ತೆಗೆದು ಪರೀಕ್ಷೆಗೆ ಕಳಿಸಿದರು. ಮನುಷ್ಯರು ತಮ್ಮ ಸ್ವಾಬು ಎಲ್ಲಿ ಹೋಯಿತೆಂದು ದಿನಗಟ್ಟಲೆ ಫೋನು ಹಚ್ಚುತ್ತಿದ್ದ ಕಾಲ ಅದು. ಶಿರಾ ಕಡೆಯ ಯಾವ ಕುರಿಯವರನ್ನಾದರೂ ಕೇಳಿ, ಕರುಳುಬೇನೆ ಲಸಿಕೆ ಮುಂಗಾರಿಗೆ ಮುಂಚೆ, ಕಾಲುಬಾಯಿಗೆ ಇಂಥ ತಿಂಗಳು ಎಂದು ಬಾಯಲ್ಲೇ ಒಪ್ಪಿಸುತ್ತಾರೆ. ಮನೆಯ ಮುದುಕಿಗೆ ಫ್ಲೂ ಲಸಿಕೆ ಹಾಕಿಸಿದಿರಾ ಅಂದರೆ, “ಯೇ ಬುಡಿ ಸಾರ್, ನಮ್ಮವ್ವ ಗಟ್ಟಿ ಅವ್ಳೆ” ಎನ್ನುತ್ತಾರೆ. ಸರ್ಕಾರದ ಉಚಿತ ಲಸಿಕೆ ಪಟ್ಟಿಯೂ ಅದೇ ಅಭಿಪ್ರಾಯದ್ದು. ಅದರಲ್ಲಿ ಫ್ಲೂ ಇಲ್ಲ. ಆ ವೈರಾಣು ವರ್ಷ ವರ್ಷ ವೇಷ ಬದಲಿಸುವುದರಿಂದ ಲಸಿಕೆಯನ್ನೂ ವರ್ಷ ವರ್ಷ ಹೊಸದಾಗಿ ಕೊಳ್ಳಬೇಕು. ಕುರಿ ಸತ್ತರೆ ಅಷ್ಟು ದುಡ್ಡು ಹೋಯಿತು ಎಂಬ ಲೆಕ್ಕ ಸಿಗುತ್ತದೆ. ಅವ್ವನ ಲೆಕ್ಕ ಬರೆದಿಟ್ಟವರಿಲ್ಲ.

ಸಾಂಕ್ರಾಮಿಕವನ್ನು ಹದ್ದುಬಸ್ತಿನಲ್ಲಿಡುವ ಇನ್ನೊಂದು ಉಪಾಯವನ್ನು ಶಿರಾ ಕ್ಷೇತ್ರ ಜಗತ್ತಿಗೆ ತೋರಿಸಿಕೊಟ್ಟಿದೆ: ಚುನಾವಣೆ. ಶಾಸಕ ಬಿ. ಸತ್ಯನಾರಾಯಣ ಅವರ ನಿಧನದಿಂದ ತೆರವಾದ ಸ್ಥಾನಕ್ಕೆ 2020ರ ನವೆಂಬರ್ 3ರಂದು ಉಪಚುನಾವಣೆ ನಡೆಯಿತು. ಅಕ್ಟೋಬರಿನಲ್ಲಿ, ಗುಡಿಯ ಅಂಗಳದಲ್ಲಿ ಹತ್ತು ಮಕ್ಕಳನ್ನು ಕೂರಿಸಿ ಪಾಠ ಹೇಳುವ ‘ವಿದ್ಯಾಗಮ’ ಅಪಾಯವೆಂದು ಸರ್ಕಾರ ನಿಲ್ಲಿಸಿತು. ಅದೇ ತಿಂಗಳು ಶಿರಾದ ಬೀದಿಗಳಲ್ಲಿ ಮೂರು ಪಕ್ಷದ ಮೆರವಣಿಗೆ ನೂಕುನುಗ್ಗಲಿನಲ್ಲಿ ಹೊರಟಿತು. ವೈರಾಣುವಿಗೆ ಮಗ್ಗಿ ಕೇಳಿದರೆ ಹುರುಪು, ಜೈಕಾರ ಕೇಳಿದರೆ ಜಂಘಾಬಲ ಉಡುಗುತ್ತದೆ ಎಂಬುದು ಹೀಗೆ ಪತ್ತೆಯಾಯಿತು. ಮತಗಟ್ಟೆಯಲ್ಲಿ ಒಂದು ಕೈಗೆ ಗ್ಲೌಸು ಕೊಟ್ಟರು, ಬಟನ್ ಒತ್ತಲು. ಅಲ್ಲಿಯವರೆಗೆ ಪ್ರಚಾರದವರು ಕುಲುಕಿ ಹೋಗಿದ್ದ ಕೈಯೂ ಅದೇ. ಗೆದ್ದವರು ಡಾ. ಸಿ.ಎಂ. ರಾಜೇಶ್ ಗೌಡ; ಸಾಂಕ್ರಾಮಿಕದ ವರ್ಷ ವೈದ್ಯರನ್ನೇ ಆರಿಸಿದ್ದು ನಮ್ಮ ದೂರದೃಷ್ಟಿ ಎಂದರೆ ಯಾರೂ ಅಲ್ಲಗಳೆಯಲಾರರು. ಕೈ ತೊಳೆಯುವ ನೀರಿನ ಪ್ರಶ್ನೆಯೂ ಆಗಲೇ ಬಗೆಹರಿಯಿತು: ಪ್ರಚಾರಕ್ಕೆ ಬಂದ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಮದಲೂರು ಕೆರೆಗೆ ಆರು ತಿಂಗಳೊಳಗೆ ಹೇಮಾವತಿ ನೀರು ತುಂಬಿಸುವ ಮಾತು ಕೊಟ್ಟರು. ಜನ ಸೇರುವ ಮದುವೆ ಬೇಡವೆಂದು ಅದೇ ವರ್ಷದ ಮಾರ್ಚಿನಲ್ಲಿ ಆಜ್ಞೆ ಮಾಡಿ, ಎರಡೇ ದಿನಕ್ಕೆ ಬೆಳಗಾವಿಯಲ್ಲಿ ದೊಡ್ಡ ಮದುವೆಯೊಂದಕ್ಕೆ ಹೋಗಿ ಹರಸಿ ಬಂದವರೂ ಅವರೇ. ಆಜ್ಞೆ ಜನರಿಗೆ, ಆಶೀರ್ವಾದವೂ ಜನರಿಗೆ. ತಮಗಾಗಿ ಅವರು ಏನನ್ನೂ ಇಟ್ಟುಕೊಳ್ಳಲಿಲ್ಲ.

ಕೊನೆಯದಾಗಿ ಕಡತ. 2009ರ ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಎಚ್1ಎನ್1 ಜ್ವರವನ್ನು ಸಾಂಕ್ರಾಮಿಕವೆಂದು ಸಾರಿತು. ಮರುವರ್ಷ ಆಗಸ್ಟ್ 10ಕ್ಕೆ ಮುಗಿಯಿತೆಂದಿತು. ಆಗ ಬಂದ ಸೂಚನೆಗಳನ್ನು ಜೋಪಾನವಾಗಿ ಇಟ್ಟಿದ್ದ ಯಾವುದೇ ಕಚೇರಿಗೆ 2020ರಲ್ಲಿ ಬಹಳ ಕೆಲಸವಿರಲಿಲ್ಲ. ಕೆಮ್ಮುವಾಗ ಕರವಸ್ತ್ರ, ಜ್ವರವಿದ್ದರೆ ರಜೆ, ಗುಂಪು ಬೇಡ — ಮಾತು ಅವೇ. ಕಾಯಿಲೆಯ ಹೆಸರಷ್ಟೇ ತಿದ್ದಬೇಕು. ಜ್ವರವಿದ್ದರೆ ರಜೆ ಎಂಬ ಸಾಲು ದಿನಗೂಲಿಯವನಿಗೆ ಹೇಗೆ ಅನ್ವಯವಾಗುತ್ತದೆಂದು ಆಗಲೂ ಬರೆದಿರಲಿಲ್ಲ, ಈಗಲೂ ಬರೆದಿಲ್ಲ. ಗಾರ್ಮೆಂಟ್ಸಿನ ವ್ಯಾನಿನಲ್ಲಿ ಒತ್ತೊತ್ತಾಗಿ ನಿಂತು ಹೋಗುವ ಹೆಣ್ಣುಮಕ್ಕಳು ಆ ಸಾಲನ್ನು ಓದಿರಲಾರರು. ಓದಿದ್ದರೂ ಪಂಚ್ ಮಾಡುವ ಹೊತ್ತು ಮೀರುತ್ತಿತ್ತು.

ಈಗ ಮತ್ತೆ ಹಕ್ಕಿಜ್ವರದ ಮಾತು ಕೇಳಿಬರುತ್ತಿದೆ. ಯೋಚನೆ ಮಾಡಬೇಕಾಗಿಲ್ಲ, ವಿದ್ಯೆ ಕೈಯಲ್ಲಿದೆ. ಗೌಡಗೆರೆಯವರು ಅದನ್ನು ಹಿರಿಯೂರಿನ ಕಡೆ ದಾಟಿಸುತ್ತಾರೆ, ಕೊರಟಗೆರೆಯವರು ಗೌರಿಬಿದನೂರಿನ ಕಡೆ. ತೊಡಕಿರುವುದು ಪಾವಗಡದವರಿಗೆ. ಮೂರು ಕಡೆ ಆಂಧ್ರ. ಮಡಕಶಿರಾ ಕಡೆಯಿಂದ ಆಚೆಗೆ ನೂಕಿದ್ದು ಕಲ್ಯಾಣದುರ್ಗದ ಕಡೆಯಿಂದ ತಿರುಗಿ ಬಂದುಬಿಡುತ್ತದೆ, ಅದೂ ತೆಲುಗು ಕಲಿತುಕೊಂಡು. ಹಾಗಾಗಿ ಮಧುಗಿರಿಗೇ ಸಾಗಿಸುವುದೆಂದು ಸದ್ಯದ ಮಾತು. ಅಲ್ಲಿ ದಂಡಿನ ಮಾರಮ್ಮನಿದ್ದಾಳೆ, ಇಂಥದ್ದರಲ್ಲಿ ಅವಳಿಗೆ ಅನುಭವ ಉಂಟು. ಮಧುಗಿರಿಯವರಿಗೆ ಇನ್ನೂ ಹೇಳಿಲ್ಲ.